ಕಲ್ಲಿಗೆ ಹಲ್ಲು ಕೊಟ್ಟ ಅಣ್ಣ

ಅಣ್ಣನ ಎಲುಬಿನ ಗಂಟನ್ನು ನೆರೆಮನೆಯ ಚಂದಕ್ಕನ ಹಿತ್ತಿಲಲ್ಲಿ ಹೂತವಳು ನಾನು. ಅದು ಹೊರಗೆ ಬಂದ ದಿನ ಬಾಯಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳೂ ನಾನು. ಹೂತದ್ದಕ್ಕೆ ನನ್ನಲ್ಲಿ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ. ಬಾಯಿ ಬಿಡದ್ದಕ್ಕೆ ಯಾವ ಕಾರಣವೂ ಇಲ್ಲ.

ಅಣ್ಣ ಈ ಮಳೆಗಾಲಕ್ಕೆ ಮೊದಲು ಉಳ್ಳಾಲದಲ್ಲಿ ತೀರಿಕೊಂಡ. ಅವನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕೂತ ಹರೆಯದವರು ಅವನನ್ನು 'ಚಕಮಕಿಯಜ್ಜ' ಎಂದು ನೆನೆದರು. ಅವರಿಗೆ ಗೊತ್ತಿದ್ದದ್ದು ಯುದ್ಧದ ಕಾಲದಲ್ಲಿ ಬೆಂಕಿ ಹಚ್ಚಲು ಕಲ್ಲು ಮಾಡಿಕೊಟ್ಟ ಮುದುಕ ಮಾತ್ರ. ಅದಕ್ಕೆ ಮೊದಲಿನ ಅಣ್ಣ ಹೇಗಿದ್ದ ಎಂದು ಹೇಳಬಲ್ಲವರು ಈಗ ನಾನಲ್ಲದೆ ಯಾರೂ ಇಲ್ಲ. ನಾನು ಓದಿದ್ದು ಮೂರನೆಯ ಕ್ಲಾಸಿನ ತನಕ. ಮನೆಯ ಮಾತು ತುಳು, ಬರೆಯಲು ಬರುವುದು ಕನ್ನಡ. ಹಾಗಾಗಿ ತುಳುವಿನಲ್ಲಿ ಆಡಿದ ಮಾತುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಅಣ್ಣ ಉದ್ದದ ಆಳು. ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತು ಹೊತ್ತು ಬೆನ್ನು ಸ್ವಲ್ಪ ಬಾಗಿತ್ತು. ಬೋಳಾರದ ನಮ್ಮ ಓಣಿಯಲ್ಲಿ ಅವನು ಬರುತ್ತಿದ್ದಾನೆ ಎಂದು ಮೊದಲು ತಿಳಿಯುತ್ತಿದ್ದದ್ದು ನಾಯಿಗಳಿಂದ. ಅವನ ಹೆಗಲ ಮೇಲಿನ ಗೋಣಿಚೀಲದಲ್ಲಿ ಯಾವಾಗಲೂ ಒಂದೆರಡು ಎಲುಬು ಇರುತ್ತಿದ್ದವು. ಹಿಂದಿನಿಂದ ಊರಿನ ನಾಯಿಗಳೆಲ್ಲ ಮೆರವಣಿಗೆಯಾಗಿ ಬರುತ್ತಿದ್ದವು.

"ಇವಕ್ಕೆ ಪ್ರೀತಿ ನನ್ನ ಮೇಲೆ ಅಲ್ಲ, ಚೀಲದ ಮೇಲೆ" ಎನ್ನುತ್ತಿದ್ದ. "ಮನುಷ್ಯರೂ ಹಾಗೇ. ನಾಯಿಗಳು ಅದನ್ನು ಮುಚ್ಚಿಡುವುದಿಲ್ಲ, ಅಷ್ಟೆ."

ಅವನಿಗೆ ಎಲುಬಿನ ಹುಚ್ಚು ಹಿಡಿದದ್ದು ಕಲ್ಲಿನಿಂದ. ಆಗ ಹಂಚು ತುಂಬಿಸಿಕೊಂಡು ಹೋಗಲು ಉತ್ತರದ ಕಚ್ಛ್ ಕಡೆಯಿಂದ ಹಾಯಿಹಡಗುಗಳು ಬರುತ್ತಿದ್ದವು. ಸರಕಿಲ್ಲದ ಹಡಗು ಗಾಳಿಗೆ ಮಗುಚಬಾರದೆಂದು ಅದರ ಹೊಟ್ಟೆಯಲ್ಲಿ ಕಲ್ಲು ತುಂಬಿ ತರುತ್ತಿದ್ದರು. ಇಲ್ಲಿ ಆ ಕಲ್ಲುಗಳನ್ನು ದಡದಲ್ಲಿ ಸುರಿದು ಹಂಚು ಏರಿಸುತ್ತಿದ್ದರು. ನಮ್ಮ ಊರಿನದು ಮುರಕಲ್ಲು. ಕಡಿದು ಮನೆ ಕಟ್ಟಬಹುದು, ಅದರಲ್ಲಿ ಕಿಡಿ ಹುಟ್ಟುವುದಿಲ್ಲ. ಹಡಗಿನವರು ಸುರಿದ ರಾಶಿಯಲ್ಲಾದರೋ ಜೇನಿನ ಬಣ್ಣದ, ಒಡೆದರೆ ಗಾಜಿನಂತೆ ಹೊಳೆಯುವ ಕಲ್ಲುಗಳಿದ್ದವು. ಅವುಗಳ ಚೂಪು ಅಂಚನ್ನು ಉಕ್ಕಿನ ತುಂಡಿಗೆ ಗೀರಿದರೆ ಕಿಡಿ ಹಾರುತ್ತದೆ. ಬೈನೆ ಮರದ ಸೋಗೆಯ ಬುಡದಲ್ಲಿ ಸಿಗುವ ಹತ್ತಿಯಂಥದ್ದಕ್ಕೆ ಆ ಕಿಡಿ ಬಿದ್ದರೆ ಬೆಂಕಿ. ಇದೇ ಚಕಮಕಿ. ಸಮುದ್ರಕ್ಕೆ ಹೋಗುವವರು ಇದನ್ನು ಬಿಡುತ್ತಿರಲಿಲ್ಲ, ಏಕೆಂದರೆ ಬೆಂಕಿಕಡ್ಡಿ ಒದ್ದೆಯಾಗುತ್ತದೆ, ಕಲ್ಲು ಒದ್ದೆಯಾದರೆ ಒರೆಸಿಕೊಳ್ಳಬಹುದು. ಆದರೆ ಗೀರಿ ಗೀರಿ ಅಂಚು ಮೊಂಡಾದರೆ ಕಿಡಿ ನಿಲ್ಲುತ್ತದೆ. ಹೊಸ ಅಂಚು ತೆಗೆಯಬೇಕು. ಅಣ್ಣ ಕಲಿತದ್ದು ಆ ಕೆಲಸವನ್ನು.

ಮೊದಲು ಅವನು ಕಬ್ಬಿಣದ ಸುತ್ತಿಗೆಯಿಂದ ಹೊಡೆಯುತ್ತಿದ್ದನಂತೆ. ಕಲ್ಲು ಪುಡಿಪುಡಿಯಾಗುತ್ತಿತ್ತು. ಅದನ್ನು ನೋಡಿದ ಹಡಗಿನ ಒಬ್ಬ ಮುದುಕ ಬಿದ್ದು ಬಿದ್ದು ನಕ್ಕು, ಸುತ್ತಿಗೆಯನ್ನು ಕಿತ್ತು ಪಕ್ಕಕ್ಕಿಟ್ಟು, ತನ್ನ ಗಂಟಿನಿಂದ ಎಮ್ಮೆಯ ಕೊಂಬಿನ ತುಂಡೊಂದನ್ನು ತೆಗೆದು ಅಣ್ಣನ ಕೈಗೆ ಕೊಟ್ಟ. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಹಡಗು ಹೊರಡುವ ತನಕ ದಿನವೂ ಸಂಜೆ ಇಬ್ಬರೂ ದಡದಲ್ಲಿ ಕೂತು ಟಕ್ ಟಕ್ ಮಾಡುತ್ತಿದ್ದರು. ಕಲಿಸಿದವನ ಹೆಸರನ್ನೇ ಅಣ್ಣ ಕೇಳಿರಲಿಲ್ಲ.

"ಕೇಳಬಾರದಿತ್ತಾ?" ಎಂದು ಒಮ್ಮೆ ನಾನು ಕೇಳಿದೆ.

"ಅವನೂ ನನ್ನ ಹೆಸರು ಕೇಳ್ಲಿಲ್ಲ. ಸರಿಗೆ ಸರಿ ಆಯ್ತಲ್ಲ" ಎಂದ.

ಮುಂದಿನದನ್ನು ಅವನು ತಾನೇ ಕಂಡುಕೊಂಡ. ಕಲ್ಲಿನಿಂದ ಚಕ್ಕೆ ಎಬ್ಬಿಸಲು ಕೋಣದ ಮುಂಗಾಲಿನ ಎಲುಬು. ಚಕ್ಕೆಯ ಅಂಚನ್ನು ಸಣ್ಣಸಣ್ಣದಾಗಿ ಒತ್ತಿ ಹಾರಿಸಲು ಕಾಡುಹಂದಿಯ ಕೋರೆ. ಕೊನೆಗೆ ಅಂಚಿನ ಮುಳ್ಳು ತೆಗೆಯಲು ಕುದುರೆಯ ದವಡೆಹಲ್ಲು. ಎಲುಬಾದರೆ ಹಸಿಯದ್ದೇ ಬೇಕು, ಒಳಗೆ ಜಿಡ್ಡು ಇರಬೇಕು. ಬಿಸಿಲಿಗೆ ಬೆಳ್ಳಗಾದ ಎಲುಬನ್ನು ಕೈಯಲ್ಲಿ ತೂಗಿ ನೋಡಿ, "ಇದು ಸತ್ತಿದೆ" ಎಂದು ಎಸೆಯುತ್ತಿದ್ದ. "ಎಲುಬು ಎಂದರೆ ಸತ್ತದ್ದೇ ಅಲ್ವಾ ಮಾರಾಯ?" ಎಂದು ಯಾರಾದರೂ ಕೇಳಿದರೆ, "ಪ್ರಾಣಿ ಸತ್ತದ್ದು ಬೇರೆ, ಎಲುಬು ಸಾಯುವುದು ಬೇರೆ" ಎನ್ನುವನು.

ನಾನು ಅವನ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ತೊಡೆಯ ಮೇಲೆ ಮಡಚಿದ ಗೋಣಿ, ಅದರ ಮೇಲೆ ಎಡಗೈ, ಎಡಗೈಯಲ್ಲಿ ಕಲ್ಲಿನ ಚಕ್ಕೆ. ಬಲಗೈಯ ಕೋರೆಯನ್ನು ಅಂಚಿಗಿಟ್ಟು, ಮೊಣಕೈಯನ್ನು ಸೊಂಟಕ್ಕೆ ಊರಿ, ಉಸಿರು ಹಿಡಿದು ಒತ್ತುವನು. ಮೀನಿನ ಹುರುಪೆಯಂಥ ಚೂರೊಂದು ಚಟ್ಟನೆ ಕೆಳಗೆ ಬೀಳುವುದು. ಆಗ ಉಸಿರು ಬಿಡುವನು. ಕೆಲಸ ಮುಗಿದ ಮೇಲೆ ಕೋರೆಯನ್ನು ಬೆಳಕಿಗೆ ಹಿಡಿದು ಅದರ ಮೈಯ ಗೀರುಗಳನ್ನು ನನಗೆ ತೋರಿಸುತ್ತಿದ್ದ.

"ನೋಡು, ಕಲ್ಲು ಕಚ್ಚಿದ ಗುರುತು. ಕಬ್ಬಿಣ ಕಚ್ಚಿಸಿಕೊಳ್ಳುವುದಿಲ್ಲ, ಅದಕ್ಕೇ ಕಲ್ಲು ಒಡೆದು ಹೋಗ್ತದೆ. ಹಲ್ಲು ತಾನು ಸ್ವಲ್ಪ ಕಚ್ಚಿಸಿಕೊಂಡು ಕಲ್ಲನ್ನು ಉಳಿಸ್ತದೆ."

ಕುದುರೆಯ ಹಲ್ಲು ಸಿಕ್ಕಿದ ಕತೆ ನಮ್ಮ ಓಣಿಗೆಲ್ಲ ಗೊತ್ತಿತ್ತು. ಒಬ್ಬ ಜಟಕಾದವನ ಹತ್ತಿರ ಅಣ್ಣ ಹೋಗಿ, ಮುದಿಯಾಗಿದ್ದ ಅವನ ಕುದುರೆಯನ್ನು ತೋರಿಸಿ, "ಇದರ ಒಂದು ದವಡೆಹಲ್ಲು ನನಗೆ ಬೇಕು" ಎಂದನಂತೆ.

"ಎಂತ ಮಾರಾಯ! ನನ್ನ ಕುದುರೆ ಇನ್ನೂ ಸತ್ತಿಲ್ಲ!"

"ಅವಸರ ಇಲ್ಲ. ನಾನು ಕಾಯ್ತೇನೆ."

ಅಲ್ಲಿಂದ ಆ ಜಟಕಾದವನು ಅಣ್ಣನನ್ನು ದಾರಿಯಲ್ಲಿ ಕಂಡಾಗಲೆಲ್ಲ ಗಾಡಿಯ ಮೇಲಿಂದ ಕೂಗುತ್ತಿದ್ದ: "ಜೀವ ಉಂಟು, ಇವತ್ತೂ ಜೀವ ಉಂಟು!" ಅಣ್ಣ ಕೈಯೆತ್ತಿ, "ಇರಲಿ, ಇರಲಿ, ಸಂತೋಷ!" ಎನ್ನುತ್ತಿದ್ದ. ಒಂದು ದಿನ ಅವನು ಕೂಗದೆ, ಗಾಡಿಯಿಲ್ಲದೆ ನಡೆದು ಬಂದು ನಮ್ಮ ಅಂಗಳದಲ್ಲಿ ನಿಂತ. ತೊಳೆದು ಬಾಳೆಲೆಯಲ್ಲಿ ಸುತ್ತಿದ ಹಲ್ಲನ್ನು ಅಣ್ಣನ ಕೈಗೆ ಕೊಟ್ಟು ಅತ್ತುಬಿಟ್ಟ. ಅಣ್ಣ ಆ ಹಲ್ಲನ್ನು ಕೆಲವು ಕಾಲ ಕೆಲಸಕ್ಕೆ ತೆಗೆಯಲೇ ಇಲ್ಲ. "ಸ್ವಲ್ಪ ದಿನ ಆರಾಮ ಮಾಡಲಿ, ತುಂಬ ಓಡಿದೆ" ಎಂದ.

ಅಮ್ಮನಿಗೆ ಮಾತ್ರ ಇದೆಲ್ಲ ಹಿಡಿಸುತ್ತಿರಲಿಲ್ಲ. ಎಲುಬು ಹೊಸ್ತಿಲು ದಾಟಕೂಡದು ಎಂಬುದು ಅವಳ ಕಟ್ಟಪ್ಪಣೆ. ಗೋಣಿಚೀಲ ಬಚ್ಚಲಿನ ಮಾಡಿನಡಿ ನೇತಾಡುತ್ತಿತ್ತು. ಹುಣಸೆಹುಳಿ ತಿಕ್ಕಿ ಕೈ ತೊಳೆಯದೆ ಅಣ್ಣನಿಗೆ ಗಂಜಿ ಸಿಗುತ್ತಿರಲಿಲ್ಲ. "ಸುಡುಗಾಡಿನವರೂ ನಿನ್ನಷ್ಟು ಎಲುಬು ಮುಟ್ಟುವುದಿಲ್ಲ" ಎಂದು ಅವಳು ಬೈದರೆ, ಅವನು ಕೈಯನ್ನು ಅವಳ ಮೂಗಿಗೆ ಹಿಡಿದು, "ಮೂಸಿ ನೋಡು, ಸಾರಿನ ಪರಿಮಳ" ಎನ್ನುವನು. ಅಮ್ಮ ನಗು ತಡೆದುಕೊಂಡು ಸೌಟು ಎತ್ತುವಳು.

ಅವನಿಗೆ ಹೆಣ್ಣು ನೋಡಿದ್ದು ಕೂಳೂರಿನ ಕಡೆ. ಮಾತುಕತೆ ನಡೆಸಿದವರು ನಮ್ಮ ಸೋದರಮಾವ. ಮನೆಯ ಯಜಮಾನಿಕೆ ಅವರದ್ದು. ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬರುವ ದಿನ ನಿಶ್ಚಯವಾಯಿತು. ಅಣ್ಣನೂ ಆ ಹುಡುಗಿಯನ್ನು ಒಮ್ಮೆ ಕಂಡಿದ್ದ. ಏನೂ ಹೇಳಿರಲಿಲ್ಲ, ಆದರೆ ಕೆಲಸಕ್ಕೆ ಕೂತಾಗ ಒಂದು ಪಾಡ್ದನದ ಎರಡು ಸಾಲನ್ನು ಮತ್ತೆ ಮತ್ತೆ ಗುನುಗಲು ಶುರು ಮಾಡಿದ್ದ. ಅಷ್ಟು ಸಾಕಿತ್ತು ನಮಗೆ ತಿಳಿಯಲು.

ಅವರು ಬರುವ ದಿನ ಬೆಳಿಗ್ಗೆ ಅಣ್ಣ ಬಾಳೆಲೆ ತರಲು ಹೋಗಿದ್ದಾಗ ಅಮ್ಮ ನನ್ನನ್ನು ಕರೆದಳು. "ಆ ದರಿದ್ರ ಚೀಲ ಹೊಳೆಗೆ ಬಿಸಾಡಿ ಬಾ. ಕೂಳೂರಿನವರು ಕಂಡರೆ ಎಂತ ಹೇಳಿಯಾರು?"

ನಾನು ಚೀಲ ತೆಗೆದುಕೊಂಡು ಹೊಳೆಯ ಕಡೆ ಹೋದೆ. ಬಿಸಾಡಲು ಕೈ ಬರಲಿಲ್ಲ. ಆ ಕೋರೆಯನ್ನು ಅಣ್ಣ ಘಟ್ಟದ ಬುಡದಿಂದ ತರಿಸಿಕೊಂಡಿದ್ದ. ಆ ಕುದುರೆಯ ಹಲ್ಲಿಗೆ ಒಬ್ಬ ಅತ್ತಿದ್ದ. ಇವತ್ತು ಅಡಗಿಸಿಟ್ಟು ನಾಳೆ ತಂದುಕೊಟ್ಟರಾಯಿತು ಎಂದು ಹಿಂದೆ ಬಂದೆ. ಗೋಣಿ ನಾರುತ್ತಿತ್ತು. ಎಲುಬು ಹಲ್ಲುಗಳನ್ನು ಹೊರತೆಗೆದು ನನ್ನ ಹಳೆಯ ಕೆಂಪು ಲಂಗದಿಂದ ಹರಿದ ಬಟ್ಟೆಯಲ್ಲಿ ಸುತ್ತಿದೆ. ಇರುವೆ ಹತ್ತಬಾರದೆಂದು ಮೇಲಿಂದ ಒಂದು ಹಿಡಿ ಅರಿಶಿನ ಹಾಕಿ, ತೆಂಗಿನ ಹುರಿಯಿಂದ ಬಿಗಿದು ಕಟ್ಟಿದೆ. ಬೇಲಿಯಾಚೆ ಚಂದಕ್ಕ ಹರಿವೆ ಬಿತ್ತಲು ಮಣ್ಣು ಸಡಿಲಿಸಿಟ್ಟಿದ್ದಳು. ನಮ್ಮ ಅಂಗಳದಲ್ಲಿ ಎಲ್ಲ ಕಡೆ ಸೆಗಣಿ ಸಾರಿಸಿಯಾಗಿತ್ತು. ಬೇಲಿ ನುಸುಳಿ ಹೋಗಿ ಆ ಮೆದು ಮಣ್ಣಿನಲ್ಲಿ ಗಂಟನ್ನು ಹೂತೆ.

ಕೆಂಪು ಬಟ್ಟೆ, ಅರಿಶಿನ, ಎಲುಬು, ಹಲ್ಲು. ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಚಂದಕ್ಕನ ಸೊಸೆಗೆ ಆಗ ಬಸಿರು ನಿಲ್ಲುತ್ತಿರಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಚಂದಕ್ಕ ಜೋಯಿಸರಲ್ಲಿ ಪ್ರಶ್ನೆ ಕೇಳಿಸಿಯೂ ಆಗಿತ್ತು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಗಂಟು ಕಟ್ಟುವಾಗ ನನ್ನ ತಲೆಯಲ್ಲಿದ್ದದ್ದು ಇರುವೆ ಮಾತ್ರ.

ಕೂಳೂರಿನವರು ಬಂದು ಜಗಲಿಯಲ್ಲಿ ಕೂತರು. ಬೆಲ್ಲ ನೀರು ಎದುರಿಟ್ಟೆವು. ಮಾವ ಕೆಮ್ಮಿ ಮಾತು ಶುರು ಮಾಡುವಷ್ಟರಲ್ಲಿ ಬೇಲಿಯಾಚೆ ಚಂದಕ್ಕನ ಕೂಗು ಕೇಳಿತು. ಹರಿವೆ ಬೀಜ ಹಾಕಲು ಹೋದವಳ ಕೈಗೆ ಗಂಟು ಸಿಕ್ಕಿತ್ತು. ಅದನ್ನು ಮತ್ತೆ ಮುಟ್ಟದೆ ಎರಡು ಕೋಲುಗಳ ನಡುವೆ ಹಿಡಿದು ನೇರ ನಮ್ಮ ಅಂಗಳಕ್ಕೆ ಬಂದಳು. ಹುರಿ ಬಿಚ್ಚಿಕೊಂಡು, ಅರಿಶಿನ ಬಳಿದ ಕೋರೆ ಎಲ್ಲರ ಕಣ್ಣೆದುರು ನೆಲಕ್ಕೆ ಬಿತ್ತು.

"ಈ ಹಲ್ಲು ಯಾರದ್ದೆಂದು ಊರಿಗೇ ಗೊತ್ತುಂಟು! ನನ್ನ ಸೊಸೆ ನಿಮಗೆ ಎಂತ ಮಾಡಿದ್ದಾಳೆ ಮಾರಾಯ್ರೇ?"

ಅಣ್ಣ ಕೆಳಗಿಳಿದು ಬಂದು ಕೋರೆಯನ್ನು ಎತ್ತಿಕೊಂಡ. "ಇದು ನನ್ನದೇ ಚಂದಕ್ಕ."

"ಹೂತದ್ದು ಯಾರು?"

ಅಣ್ಣನ ಕಣ್ಣು ಬಟ್ಟೆಯ ಮೇಲೆ ಹೋಯಿತು. ಆ ಲಂಗದ ಬಟ್ಟೆ ಹಿಂದೊಮ್ಮೆ ಅವನೇ ನನಗೆ ತಂದದ್ದು. ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದ. ಸಿಟ್ಟಿನ ನೋಟವಲ್ಲ, ಅಂಚು ಎಲ್ಲಿ ಮುರಿಯಬಹುದು ಎಂದು ಕಲ್ಲನ್ನು ತಿರುಗಿಸಿ ನೋಡುವಾಗಿನ ನೋಟ. ಮತ್ತೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೂಳೂರಿನವರು ಬೆಲ್ಲ ಮುಟ್ಟದೆ ಎದ್ದು ಹೋದರು.

ಮಾವ ಹಾಗೆ ಬಿಡುವವರಲ್ಲ. ಮನೆಯ ದೈವದ ಎದುರು ನಿಂತು 'ಹೂತದ್ದು ನಾನಲ್ಲ' ಎಂದು ಆಣೆ ಹಾಕಿದರೆ ಮಾತು ಮುಗಿಯಿತು ಎಂದರು. ಚಂದಕ್ಕನೂ ಒಪ್ಪಿದಳು. ಹೇಳಬಹುದಿತ್ತು ಅಣ್ಣ, ಅದು ಸತ್ಯವೇ ಆಗಿತ್ತು. ಆದರೆ ಅವನು ಅಲ್ಲ ಎಂದಾದರೆ ಮುಂದಿನ ಪ್ರಶ್ನೆ 'ಹಾಗಾದರೆ ಯಾರು?' ಎಂದೇ. ಆ ಪ್ರಶ್ನೆ ನಮ್ಮ ಹೊಸ್ತಿಲೊಳಗೆ ಬಂದರೆ ನನ್ನ ಮೇಲೆಯೇ ಬಂದು ನಿಲ್ಲುತ್ತಿತ್ತು. ನಮ್ಮಲ್ಲಿ ಮನೆ ಮುಂದುವರಿಯುವುದು ಹೆಣ್ಣುಮಕ್ಕಳ ಕಡೆಯಿಂದ. ಮನೆಯ ಒಬ್ಬಳೇ ಹುಡುಗಿಗೆ ಮಾಟದ ಹೆಸರು ಬಂದರೆ ಆ ಮನೆಯ ದೀಪ ಅಲ್ಲಿಗೆ ಮುಗಿಯಿತು. ಗಂಡಸು ಹೊರಟುಹೋಗಬಹುದು.

ಅಣ್ಣ ದೈವದ ಎದುರು ಕೈಮುಗಿದು, "ನಾನು ಆಣೆ ಹಾಕುವುದಿಲ್ಲ" ಎಂದ.

"ಎಂತಕ್ಕೆ?" ಎಂದರು ಮಾವ.

"ಹಾಕುವುದಿಲ್ಲ ಮಾವ. ಅಷ್ಟೆ."

ಆಣೆಗೆ ಹೆದರಿದವನು ತಪ್ಪು ಮಾಡಿದವನೇ ಎಂಬುದು ನಮ್ಮ ಕಡೆಯ ನ್ಯಾಯ. ಅದನ್ನು ಗಟ್ಟಿ ಮಾಡಲೋ ಎಂಬಂತೆ, ಗಂಟು ತೆಗೆದ ಮೇಲೆ ಚಂದಕ್ಕನ ಸೊಸೆಗೆ ಬಸಿರು ನಿಂತಿತು, ಗಂಡು ಮಗು ಹುಟ್ಟಿತು. ಇನ್ನು ಯಾರು ತಾನೇ ಅನುಮಾನ ಪಟ್ಟಾರು? ಅಣ್ಣ ಓಣಿಯಲ್ಲಿ ಬಂದರೆ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಳ್ಳತೊಡಗಿದರು. ನಾಯಿಗಳು ಮಾತ್ರ ಎಂದಿನಂತೆ ಅವನ ಹಿಂದೆ ಬರುತ್ತಿದ್ದವು. ಸ್ವಲ್ಪ ಕಾಲ ಕಳೆದು ಅವನು ದೋಣಿಯಲ್ಲಿ ಹೊಳೆ ದಾಟಿ ಉಳ್ಳಾಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡ. ಅವನಿಗೆ ಮತ್ತೆ ಯಾರೂ ಹೆಣ್ಣು ಕೊಡಲು ಬರಲಿಲ್ಲ. ನನಗೆ ಮದುವೆಯಾಯಿತು, ಮಕ್ಕಳಾದರು, ಮನೆ ಬೆಳೆಯಿತು. ಅಮ್ಮ ಸಾಯುವ ತನಕ ಗಂಟು ಹೊಳೆಗೆ ಹೋಗದೆ ಮಣ್ಣಿಗೆ ಹೇಗೆ ಹೋಯಿತೆಂದು ನನ್ನಲ್ಲಿ ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲವೋ ಏನೋ.

ಅಣ್ಣನನ್ನು ನೋಡಲು ನಾನು ಉಳ್ಳಾಲಕ್ಕೆ ಹೋಗುತ್ತಿದ್ದೆ. ಅಲ್ಲಿ ಅವನು ಸುಖವಾಗಿಯೇ ಇದ್ದ, ಇದನ್ನು ನಾನು ನನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ಮೀನು ಹಿಡಿಯುವವರು ಅವನ ಕಲ್ಲಿಗೆ ಕಾಯುತ್ತಿದ್ದರು. ಮಾಂಸ ಮಾರುವ ಒಬ್ಬ ಬ್ಯಾರಿ ವ್ಯಾಪಾರಿ ಅವನಿಗೆ ಒಳ್ಳೆಯ ಎಲುಬು ತೆಗೆದಿಡುತ್ತಿದ್ದ. ಬಾಯಿಯ ಹಲ್ಲುಗಳು ಉದುರತೊಡಗಿದಾಗ ಒಂದನ್ನು ನನಗೆ ತೋರಿಸಿ, "ಪರೀಕ್ಷೆ ಮಾಡಿದೆ, ಕೆಲಸಕ್ಕೆ ಬರುವುದಿಲ್ಲ. ಮನುಷ್ಯನ ಹಲ್ಲು ಕಚ್ಚಲಿಕ್ಕೆ ಮಾತ್ರ ಒಳ್ಳೆಯದು" ಎಂದು ನಕ್ಕ. ಹಳೆಯ ಸುದ್ದಿಗೆ ನಾನು ಬಾಯಿ ತೆರೆದರೆ ಸಾಕು, ಅವನಿಗೆ ಅದು ಹೇಗೋ ಗೊತ್ತಾಗುತ್ತಿತ್ತು. "ಇದನ್ನು ಸ್ವಲ್ಪ ಹಿಡಿ" ಎಂದು ಒಂದು ಕಲ್ಲನ್ನು ಕೈಗೆ ಕೊಡುತ್ತಿದ್ದ. ನಾನು ಕಲ್ಲು ಹಿಡಿದುಕೊಂಡು ಕೂರುತ್ತಿದ್ದೆ, ದೋಣಿಯ ಹೊತ್ತಾಯಿತೆಂದು ಎದ್ದು ಬರುತ್ತಿದ್ದೆ. ಅವನು ಬಿಡಲಿಲ್ಲ ಎಂದು ನೆವ ಹೇಳುವುದು ಸುಲಭ. ನಿಜ ಹೇಳಿದರೆ ಹಿಡಿಯಲು ಒಂದು ಕಲ್ಲು ಸಿಕ್ಕಿತಲ್ಲ ಎಂದು ನನಗೇ ಹಾಯೆನಿಸುತ್ತಿತ್ತು.

ಆಮೇಲೆ ಯುದ್ಧ ಬಂತು. ಅಂಗಡಿಗಳಲ್ಲಿ ಬೆಂಕಿಪೆಟ್ಟಿಗೆ ಸಿಗುವುದು ಕಷ್ಟವಾಯಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ತೆಂಗಿನ ಗೆರಟೆಯಲ್ಲಿ ಕೆಂಡ ಒಯ್ಯುವುದು, ಒಲೆಯನ್ನು ಆರದಂತೆ ಬೂದಿಯಡಿ ಕಾಯುವುದು ಶುರುವಾಯಿತು. ಅಜ್ಜಂದಿರ ಕಾಲದ ಚಕಮಕಿಗಳು ಹೊರಗೆ ಬಂದವು. ಕಲ್ಲಿತ್ತು, ಅಂಚಿರಲಿಲ್ಲ. ಅಂಚು ತೆಗೆಯಬಲ್ಲವನು ಯಾರು ಎಂದು ಎಲ್ಲರಿಗೂ ನೆನಪಿತ್ತು. ಬೋಳಾರದವರು ದೋಣಿ ಹತ್ತಿ ಉಳ್ಳಾಲಕ್ಕೆ ಹೋಗತೊಡಗಿದರು. ಒಂದು ಬೆಳಿಗ್ಗೆ ನಾನು ಹತ್ತಿದ ದೋಣಿಗೇ ಚಂದಕ್ಕನೂ ಹತ್ತಿದಳು. ಅವಳಿಗೆ ತುಂಬ ವಯಸ್ಸಾಗಿತ್ತು. ಜತೆಯಲ್ಲಿ ಅಂದು ಹುಟ್ಟಿದ ಮೊಮ್ಮಗ, ಈಗ ಮೀಸೆ ಹೊತ್ತ ಗಂಡಸು.

ಗುಡಿಸಲಿನ ಎದುರು ಜನ ಸೇರಿದ್ದರು. ಬಲೆಯವರು, ಮೀನು ಮಾರುವ ಹೆಂಗಸರು, ನಮ್ಮ ಓಣಿಯ ಕೆಲವರು. ಅಣ್ಣ ತೊಡೆಗೆ ಗೋಣಿ ಹಾಕಿಕೊಂಡು ಕೂತಿದ್ದ. ಚಂದಕ್ಕ ತನ್ನ ಗಂಡನ ಕಾಲದ ಮೊಂಡು ಕಲ್ಲನ್ನು ಕೊಟ್ಟಳು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ, "ಒಳ್ಳೆಯ ಕಲ್ಲು ಚಂದಕ್ಕ, ಇನ್ನೂ ಒಂದು ತಲೆಮಾರು ಬರ್ತದೆ" ಎಂದು ಕೋರೆ ಹಚ್ಚಿದ. ಚೂರುಗಳು ಉದುರಿದವು. ಉಕ್ಕಿಗೆ ಗೀರಿದರೆ ಕಿಡಿ ಹೂವಿನಂತೆ ಬಂತು.

ಚಂದಕ್ಕ ಕಲ್ಲನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, ಬೊಚ್ಚು ಬಾಯಿ ಅಗಲಿಸಿ, "ಇದರಲ್ಲಿ ಮಾಟಗೀಟ ಎಂತ ಇಲ್ಲ ಅಲ್ವಾ ಮಾರಾಯ?" ಎಂದಳು.

ಎಲ್ಲರೂ ನಕ್ಕರು. ಅವಳು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅವಳ ಪಾಲಿಗೆ ಅದು ಯಾವತ್ತೋ ಕ್ಷಮಿಸಿಬಿಟ್ಟ ಸಂಗತಿ. ಅಣ್ಣನೂ ನಕ್ಕ, "ಮಾಟ ಬೇಕಾದರೆ ಬೇರೆ ಹೇಳಬೇಕು" ಎಂದ. ಮಾಡದ ತಪ್ಪಿಗೆ ಕ್ಷಮೆ ಪಡೆದವನಂತೆ ಅವನು ನಕ್ಕದ್ದನ್ನು ನನಗೆ ಸಹಿಸಲಾಗಲಿಲ್ಲ.

"ಚಂದಕ್ಕ, ಆ ಗಂಟು ಹೂತದ್ದು ನಾನು" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಗಂಟು?"

"ನಿನ್ನ ಹರಿವೆ ಸಾಲಿನದ್ದು. ಅಮ್ಮ ಹೊಳೆಗೆ ಬಿಸಾಡು ಎಂದಿದ್ದಳು, ನಾನು ಉಳಿಸಲಿಕ್ಕೆ ಹೂತೆ. ಬಟ್ಟೆ ನನ್ನ ಲಂಗದ್ದು."

"ಮತ್ತೆ ಅರಿಶಿನ?"

"ಇರುವೆಗೆ."

"ಇರುವೆಗಾ?" ಚಂದಕ್ಕ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಮೊಮ್ಮಗನ ಮುಖವನ್ನೂ ಅಣ್ಣನ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. "ಅಯ್ಯೋ ದೇವರೇ, ಇವನು ಆಣೆ ಹಾಕದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ಅಣ್ಣ ತಲೆಯೆತ್ತಲಿಲ್ಲ. "ಈಗ ಎಂತಕ್ಕೆ ಅದೆಲ್ಲ? ಬಿಸಿಲಿಗೆ ನಿಂತಿದ್ದೀಯ, ಈಚೆ ಬಾ, ಇದನ್ನು ಸ್ವಲ್ಪ ಹಿಡಿ" ಎಂದು ಒಂದು ಕಲ್ಲನ್ನು ನನ್ನ ಕಡೆ ಚಾಚಿದ.

ನಾನು ಕೈ ಚಾಚಲಿಲ್ಲ. ಹಿಂದೆ ನಿಂತಿದ್ದ ದೋಣಿಯವನೊಬ್ಬ ಪಕ್ಕದವನಲ್ಲಿ, "ಎಂತ ಹೇಳಿದ್ದು ಅವರು?" ಎಂದು ಕೇಳುವುದು ಕೇಳಿಸಿತು. ಅವನಿಗೂ ಕೇಳಲಿ ಎಂದು ನಾನು ದನಿ ಎತ್ತಿದೆ.

"ಇವನು ಮಾಟ ಮಾಡಿದವನಲ್ಲ. ಹೂತದ್ದು ನಾನು, ಬುದ್ಧಿ ಇಲ್ಲದೆ ಮಾಡಿದ್ದು. ಗೊತ್ತಿದ್ದೂ ಇಷ್ಟು ವರ್ಷ ಹೇಳದೆ ಕೂತದ್ದು ಬುದ್ಧಿ ಇದ್ದೇ ಮಾಡಿದ್ದು. ಅಣ್ಣಾ, ನಿನ್ನ ಹೆಸರು ಹೋಗುವಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ತಪ್ಪಾಯ್ತು. ನನ್ನನ್ನು ಕ್ಷಮಿಸು."